ಸಾಲು ಬಿಟ್ಟು ಏಳುವವಳು

ನೋವು ಎಂದರೆ ಯಾವ ನೋವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿ ಹೇಳಿಯೇ ನನ್ನ ಅರ್ಧ ಆಯುಷ್ಯ ಹೋಯಿತು. ಉಚ್ಚೆಚೀಲದ ನೋವು. ಉಚ್ಚೆ ಹೊಯ್ಯುವಾಗ ಉರಿಯುವುದು ಎಲ್ಲರಿಗೂ ಗೊತ್ತು. ಬೇಸಿಗೆ ಬಂತೆಂದರೆ ನಮ್ಮ ಕಡೆ ಯಾರಿಗೆ ಉರಿಯುವುದಿಲ್ಲ? ನನ್ನದು ಹಾಗಲ್ಲ. ನನ್ನದು ತುಂಬುವಾಗಿನ ನೋವು. ಒಳಗೆ ಒಂದಿಷ್ಟು ಕೂಡಿತೆಂದರೆ ಸಾಕು, ಹಸಿ ಗಾಯಕ್ಕೆ ಖಾರ ಸವರಿದಂತೆ ಶುರುವಾಗುತ್ತದೆ. ಹೋಗಿ ಬಂದರೆ ಗಳಿಗೆ ಹೊತ್ತು ಸಮಾಧಾನ. ಮತ್ತೆ ಹನಿ ಹನಿ ಕೂಡುತ್ತದೆ, ಮತ್ತೆ ಶುರು. ಹೀಗೆ ವರ್ಷಗಟ್ಟಲೆ ಬದುಕಿದವಳಿಗೆ ಬೆಳಿಗ್ಗೆ, ಸಂಜೆ ಎಂದೆಲ್ಲ ಇರುವುದಿಲ್ಲ. ಈ ಸಲದಿಂದ ಮುಂದಿನ ಸಲದವರೆಗೆ, ಅಷ್ಟೇ.

ಈ ನೋವು ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳಿಗೆ ಬಂದಿದ್ದರೆ ಅವಳು ಏನು ಮಾಡುತ್ತಿದ್ದಳೋ ನನಗೆ ತಿಳಿಯದು. ನನಗೆ ಬಂದಾಗ ನಾನು ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನಲ್ಲಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಕೆಸರಿಗೆ ಇಳಿದವಳು ಎಂದು ಗುಂಪಿನಲ್ಲಿ ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ಗಂಡ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರೆ ಹಬ್ಬಕ್ಕೆ ಬರುತ್ತಿದ್ದ, ಬರದೆಯೂ ಇರುತ್ತಿದ್ದ. ಮನೆ ನಡೆಯುತ್ತಿದ್ದುದು ನನ್ನ ನಾಟಿಯ ಮೇಲೆ. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದುದೂ ಅದರ ಮೇಲೆಯೇ.

ನಮ್ಮದು ಹುಣಸಗಿ ಹತ್ತಿರದ ಊರು. ಕೆನಾಲು ಬರುವ ಮೊದಲು ಜೋಳ, ಸಜ್ಜೆ, ಉಳಿದದ್ದೆಲ್ಲ ಜಾಲಿಕಂಟಿಯ ಮುಳ್ಳುಪೊದೆ. ನೀರು ಬಂದ ದಿನ ನಮ್ಮ ಅತ್ತೆ ಕುಪ್ಪಸದ ಕಣ, ಹಸಿರು ಬಳೆ ಒಯ್ದು ಕೆನಾಲಿಗೆ ಉಡಿ ತುಂಬಿ, ಗಂಗವ್ವ ಮನೆಗೆ ಬಂದಳೆಂದು ಅತ್ತಳು. ಆಮೇಲೆ ಆಂಧ್ರದ ಕಡೆಯವರು ಬಂದು ಹೊಲ ಕೊಂಡು ಕ್ಯಾಂಪು ಹಾಕಿದರು. ಕಂಟಿ ಕಿತ್ತರು, ನೆಲ ಮಟ್ಟ ಮಾಡಿದರು, ಭತ್ತ ಹಚ್ಚಿದರು. ಸುರಪುರದಿಂದ ಬಸ್ಸಿನಲ್ಲಿ ಬಂದವರು ಕಿಟಕಿಯಿಂದಲೇ ನೋಡಿ, ಆಹಾ, ಎಷ್ಟು ಹಸಿರು ಎನ್ನುತ್ತಿದ್ದರು. ಆ ಹಸಿರು ಮೊಣಕಾಲೆತ್ತರವೂ ಇಲ್ಲ. ಅದರ ಹಿಂದೆ ಯಾವ ಹೆಂಗಸು ಕೂತು ಮರೆಯಾದಾಳು? ಜಾಲಿಕಂಟಿ ಹೋದದ್ದಕ್ಕೆ ಗಂಡಸರು ಯಾರೂ ಮರುಗಲಿಲ್ಲ. ಅವರಿಗೇನು, ಗದ್ದೆಯ ಬದುವಿನಲ್ಲಿ, ವಡ್ಡಿನ ಮೇಲೆ ನಿಂತರೂ ನಡೆಯುತ್ತದೆ.

ನಾಟಿ ಒಬ್ಬೊಬ್ಬರೇ ಹೋಗುವ ಕೂಲಿಯಲ್ಲ. ಎಕರೆಯ ಲೆಕ್ಕದಲ್ಲಿ ಗುಂಪು ಗುತ್ತಿಗೆ ಹಿಡಿಯುತ್ತದೆ, ಬಂದದ್ದನ್ನು ಸಮ ಹಂಚಿಕೊಳ್ಳುತ್ತದೆ. ನಮ್ಮ ಗುಂಪು ಕಟ್ಟಿದವಳು ನನ್ನ ನೆಗೆಣ್ಣಿ, ಬೇರೆ ಮನೆಯಲ್ಲಿದ್ದ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಎಲ್ಲರೂ ಒಂದೇ ಸಾಲಿನಲ್ಲಿ ಬಾಗಿ, ಸಸಿ ಊರುತ್ತಾ ಹಿಂದಕ್ಕೆ ಸರಿಯಬೇಕು. ಒಬ್ಬಳು ಎದ್ದರೆ ಅವಳ ಪಾಲಿನ ಕೆಸರು ಖಾಲಿ ಉಳಿಯುತ್ತದೆ, ಎಡಬಲದವರು ಅದನ್ನೂ ತುಂಬಬೇಕು. ಅದಕ್ಕೆ ಗುಂಪಿನಲ್ಲಿ ಒಂದು ಕಟ್ಟು ಇತ್ತು: ಎದ್ದರೆ ಎಲ್ಲರೂ ಒಟ್ಟಿಗೆ ಏಳುವುದು, ಅದೂ ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು. ಆಗ ಇಬ್ಬರು ವಡ್ಡಿನ ಕೆಳಗೆ ಹಳೆಯ ಸೀರೆ ಅಡ್ಡ ಹಿಡಿಯುತ್ತಿದ್ದರು, ಉಳಿದವರು ಅದರ ಹಿಂದೆ ಕೂತು ಏಳುತ್ತಿದ್ದರು. ಮತ್ತೆ ಹೊತ್ತು ಮುಳುಗಿದ ಮೇಲೆಯೇ. ಬೆಳಿಗ್ಗೆ ಯಾರೂ ನೀರು ಮುಟ್ಟುತ್ತಿರಲಿಲ್ಲ. ಇಡೀ ದಿನ ಕಾಲು ನೀರಿನಲ್ಲಿ, ನಾಲಿಗೆ ಮಾತ್ರ ಒಣಗಿದ ತೊಗಲು.

ಇನ್ನೊಂದು ಕಟ್ಟು ಇತ್ತು. ಗುಂಪಿನಲ್ಲಿ ಜಾಗ ಇರುತ್ತಿದ್ದುದು ಹೆಂಗಸಿಗಲ್ಲ, ಮನೆಗೆ. ಮನೆಗೊಂದು ಜಾಗ. ಇದ್ದವಳಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬಳು ಇಳಿಯಬೇಕು. ಇಳಿಯದಿದ್ದರೆ ಜಾಗ ಬೇರೆ ಮನೆಯ ಪಾಲಾಗುತ್ತದೆ, ತಿರುಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಹೆಂಗಸರೆಂದರೆ ಬೆನ್ನು ಬಾಗಿದ ಅತ್ತೆ, ನಾನು, ಮತ್ತು ನನ್ನ ಮಗಳು. ನಾನು ಬಿದ್ದರೆ ಇಳಿಯುವವಳು ಯಾರೆಂದು ಬೇರೆ ಹೇಳಬೇಕೆ? ಅವಳಾಗ ಒಂಬತ್ತನೆಯ ತರಗತಿ. ಆದ್ದರಿಂದ ನೋವು ಬಂದಾಗ ನಾನು ಯಾರಿಗೂ ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ಸಸಿ ಊರಿದೆ.

ಎಷ್ಟು ದಿನ ಮುಚ್ಚಿಡಲಿಕ್ಕಾಗುತ್ತದೆ? ಮನೆಗೆ ಬಂದವಳು ಹಿತ್ತಲಿಗೂ ಅಡುಗೆಮನೆಗೂ ಅಲೆಯುವುದನ್ನು ನೋಡಿದ ಅತ್ತೆಗೆ ಎಲ್ಲ ತಿಳಿಯಿತು.

“ಉಷ್ಣ ಆಗ್ಯದ ನಿನಗ. ಬಿಸಲಾಗ ಬಗ್ಗಿ ಬಗ್ಗಿ ಒಳಗ ಬೆಂದು ಹೋಗ್ಯದ. ತಂಪ ಮಾಡ್ಬೇಕು, ತಂಪ.”

ಮಾಡಿದಳು, ಮಾಡಿದಳು. ಅಂಗಾಲಿಗೆ ಹರಳೆಣ್ಣೆ. ಎದ್ದ ಕೂಡಲೇ ನಿಂಬೆಹಣ್ಣು ಹಿಂಡಿದ ನೀರು. ಮಧ್ಯಾಹ್ನಕ್ಕೆ ಹುಣಸೆಹಣ್ಣು ಕಿವುಚಿ ಬೆಲ್ಲ ಹಾಕಿದ ಪಾನಕ, ಬುತ್ತಿಯ ಜೊತೆ ಕಟ್ಟಿ ಕಳಿಸುತ್ತಿದ್ದಳು. ಊಟಕ್ಕಂತೂ ಪುಂಡಿಪಲ್ಯ ಇದ್ದೇ ಇತ್ತು. ರೊಟ್ಟಿಯ ಜೊತೆ ಪುಂಡಿಯ ಸೊಪ್ಪಿನ ಹುಳಿ ಇಲ್ಲದಿದ್ದರೆ ನಮ್ಮವರಿಗೆ ಉಂಡಂತೆಯೇ ಅಲ್ಲ. ನನಗೆ ಹುಷಾರಿಲ್ಲವೆಂದು ಅವಳು ಇನ್ನೂ ಒಂದು ಹಿಡಿ ಪುಂಡಿ ಹೆಚ್ಚಿಗೆ ಹಾಕಿದಳು. ತಿಂದು ಸ್ವಲ್ಪ ಹೊತ್ತಿಗೆ ನನ್ನ ಒಳಗೆ ಬೆಂಕಿ. ಬೆಂಕಿ ಹೆಚ್ಚಿತೆಂದರೆ ಉಷ್ಣ ಹೆಚ್ಚಿತೆಂದು ಅರ್ಥ, ಉಷ್ಣ ಹೆಚ್ಚಿತೆಂದರೆ ಇನ್ನೊಂದು ನಿಂಬೆಹಣ್ಣು. ಸೇಡಿಗೆಂದು ಮಾಡಿದ್ದರೆ ನಾನು ಜಗಳ ಕಾಯಬಹುದಿತ್ತು. ಪ್ರೀತಿಯಿಂದ ಮಾಡಿದವಳ ಜೊತೆ ಏನೆಂದು ಜಗಳ ಕಾಯಲಿ?

ಡಾಕ್ಟರುಗಳ ಕಥೆ ಉದ್ದ, ಆದರೆ ಒಂದೇ ಮಾತಿನ ಕಥೆ. ಹುಣಸಗಿಯಲ್ಲಿ ಸೂಜಿ ಚುಚ್ಚಿ ಗುಳಿಗೆ ಕೊಟ್ಟರು. ಸುರಪುರದಲ್ಲಿ ಉಚ್ಚೆ ಪರೀಕ್ಷೆ ಮಾಡಿ, ಏನಿಲ್ಲ ಎಂದರು. ಕಲ್ಲಿರಬಹುದೆಂದು ಶಹಾಪುರಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಸವರಿ, ಪರದೆ ನೋಡಿ, ಅವರೂ ಏನಿಲ್ಲ ಎಂದರು. ಕಲ್ಲಾದರೂ ಇರಬಾರದಿತ್ತೇ ಎಂದು ನಾನು ಬಸ್ ನಿಲ್ದಾಣದಲ್ಲಿ ಕೂತು ಅತ್ತುಬಿಟ್ಟೆ. ಕಲ್ಲಿದ್ದರೆ ತೋರಿಸಬಹುದಿತ್ತು, ನೋಡ್ರೀ ಇದು ಎನ್ನಬಹುದಿತ್ತು. ಏನಿಲ್ಲ ಎಂಬುದನ್ನು ಯಾರಿಗೆ ತೋರಿಸುವುದು? ಊರಿಗೆ ಬಂದರೆ ಬಾಗಿಲಲ್ಲೇ ಕೇಳುತ್ತಿದ್ದರು, ಏನಂದ್ರು? ಏನಿಲ್ಲಂತ. ಮತ್ಯಾಕ ನರಳತೀ? ಥೂ, ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ನೋವೇ ವಾಸಿ ಅನಿಸುತ್ತಿತ್ತು.

ಡಾಕ್ಟರುಗಳೆಲ್ಲ ಏನಿಲ್ಲ ಎಂದಮೇಲೆ ಅತ್ತೆಗೆ ಇನ್ನೊಂದು ಹೊಳೆಯಿತು. ಒಂದು ಸಂಜೆ ನನ್ನ ಮುಂದೆ ಕೂತು, ದನಿ ತಗ್ಗಿಸಿ ಕೇಳಿದಳು.

“ಖರೇ ಹೇಳು. ಕೆನಾಲಿನ ವಡ್ಡಿಗೆ ಕೂತೀ ಇಲ್ಲೋ?”

“ಎಲ್ಲಾರೂ ಅಲ್ಲೇ ಕೂಡ್ತಾರಲ್ಲ ಅತ್ತಿ. ಇನ್ನೆಲ್ಲಿ ಕೂಡೋಣು?”

“ಎಲ್ಲಾರ ಮಾತು ಬಿಡು. ನೀ ಕೂತೀ. ಗಂಗವ್ವ ಮುನದಾಳ.”

ಹರಿಯುವ ನೀರಿಗೆ ಎದುರಾಗಿ ಕೂತರೆ ಗಂಗವ್ವ ಉಚ್ಚೆಯ ದಾರಿಯಲ್ಲೇ ಕಾಡುತ್ತಾಳೆ ಎಂಬುದು ಅವರ ಕಾಲದ ನಂಬಿಕೆ. ಅವರ ಕಾಲದಲ್ಲಿ ನೀರೆಂದರೆ ಒಂದು ಹಳ್ಳ, ಒಂದು ಬಾವಿ. ತಪ್ಪಿಸಿ ನಡೆಯುವುದು ಸುಲಭವಿತ್ತು. ನನ್ನಿಂದ ಕೆನಾಲಿಗೆ ಉಡಿ ತುಂಬಿಸಿದಳು, ತಪ್ಪಾಯಿತೆಂದು ಅನ್ನಿಸಿದಳು, ಬೊಗಸೆಯಲ್ಲಿ ಆ ನೀರು ಕುಡಿಸಿದಳು. ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಅಮಾವಾಸ್ಯೆಯವರೆಗೆ ನೀರು ಕಾಣುವ ಜಾಗದಲ್ಲಿ ಕೂರುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಆಣೆ ಹಾಕಿದ ಮೇಲೆ ನನಗೆ ಗೊತ್ತಾಯಿತು, ನಾನೆಂಥ ಹುಚ್ಚಿ ಎಂದು. ನಮ್ಮ ಸೀಮೆಯಲ್ಲಿ ನೀರು ಕಾಣದ ಜಾಗ ಎಲ್ಲಿತ್ತು? ಗದ್ದೆಯಲ್ಲಿ ನೀರು, ವಡ್ಡಿನ ಆಚೆ ನೀರು, ಸಣ್ಣ ಕಾಲುವೆಯಲ್ಲಿ ನೀರು, ರಸ್ತೆಯ ಪಕ್ಕದ ತಗ್ಗಿನಲ್ಲೂ ಬಸಿದ ನೀರು. ಉಳಿದದ್ದು ಸ್ಮಶಾನದ ಆಚೆಯ ಕಲ್ಲುಗುಡ್ಡ ಒಂದೇ. ನಾಟಿಯ ಗದ್ದೆಯಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಗದ್ದೆಯ ಒಂದು ಮಡಿಯ ನಾಟಿಯೇ ಮುಗಿದಿರುತ್ತಿತ್ತು. ಹೋಗಲಿಲ್ಲ. ಎಲ್ಲರೂ ಸೀರೆಯ ಮರೆಗೆ ಹೋದಾಗಲೂ ನಾನು ಸಾಲಿನಲ್ಲೇ ನಿಂತೆ. ಬೆಳಗಿನಿಂದ ಸಂಜೆಯವರೆಗೆ ತಡೆದೆ.

ಅಮಾವಾಸ್ಯೆ ಬರುವ ಮೊದಲೇ, ಒಂದು ಮಧ್ಯಾಹ್ನ, ಸಸಿ ಹಿಡಿದ ಕೈ ಹಾಗೆಯೇ ಇರುವಾಗ ಕೆಸರಿನಲ್ಲಿ ಕುಸಿದು ಕೂತೆ. ಎದ್ದು ನಿಲ್ಲಲಾಗಲಿಲ್ಲ. ಅಕ್ಕನೇ ನನ್ನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೋಗಿ, ಅಲ್ಲಿಂದ ಬಸ್ ಹಿಡಿದು ಯಾದಗಿರಿಗೆ ಕರೆದೊಯ್ದಳು. ಇದನ್ನು ನಾನು ಮರೆತಿಲ್ಲ. ಮುಂದೆ ಏನೇ ಆದರೂ, ದಾರಿಯುದ್ದಕ್ಕೂ ನನ್ನ ತಲೆ ಅವಳ ತೊಡೆಯ ಮೇಲಿತ್ತು.

ಯಾದಗಿರಿಯಲ್ಲಿ ನೋಡಿದವರು ವಯಸ್ಸಾದ ಡಾಕ್ಟರಮ್ಮ. ಉಚ್ಚೆಯ ದಾರಿಯಿಂದ ಸಣ್ಣ ನಳಿಗೆ ಹಾಕಿ ಒಳಗೆ ನೋಡಿದರು. ನೋಡಿ ಕೈ ತೊಳೆದುಕೊಂಡು ಬಂದು ನನ್ನ ಪಕ್ಕವೇ ಕೂತರು.

“ನೋಡಮ್ಮಾ, ಹುಳ ಇಲ್ಲ, ಕಲ್ಲೂ ಇಲ್ಲ. ಉಚ್ಚಿಚೀಲದ ಒಳಮೈ ಕೆಂಪಗಾಗಿ ಹುಣ್ಣಾದಂಗ ಆಗ್ಯದ. ಉಚ್ಚಿ ತಗಲಿದ್ರ ಸಾಕು, ಉರೀತದ. ಸುಳ್ಳಲ್ಲ ಇದು. ಖರೇ ಬ್ಯಾನಿ.”

ಖರೇ ಬ್ಯಾನಿ. ಇಷ್ಟು ಮಂದಿ ಡಾಕ್ಟರುಗಳಲ್ಲಿ ಆ ಮಾತನ್ನು ಹೇಳಿದವರು ಅವರೊಬ್ಬರೇ. ನಾನು ಅವರ ಕೈ ಹಿಡಿದುಕೊಂಡು, ಮುದುಕಿಯರು ಅಳುವಂತೆ ದನಿ ತೆಗೆದು ಅತ್ತುಬಿಟ್ಟೆ.

“ಆರಾಮ ಆಗ್ತದೇನ್ರಿ ಮೇಡಂ?”

“ಬೇರುಸಹಿತ ಹೋಗ್ತದ ಅಂತ ಹೇಳಿದ್ರ ನಾ ಸುಳ್ಳು ಹೇಳಿದಂಗ. ಸಂಭಾಳಿಸ್ಕೊಂಡು ಹೋಗೋದು. ನೀ ಏನ್ ಉಣ್ತಿ, ಎಲ್ಲಾ ಹೇಳು.”

ಹೇಳಿದೆ. ನಿಂಬೆಹಣ್ಣು, ಹುಣಸೆ, ಪುಂಡಿ ಎನ್ನುತ್ತಿದ್ದಂತೆ ಅವರು ಹಣೆ ಹಿಡಿದುಕೊಂಡರು. ಎಲ್ಲರಿಗೂ ಒಂದೇ ಅಲ್ಲ, ಆದರೆ ಇಂಥ ಹುಣ್ಣಿರುವ ಬಹಳ ಮಂದಿಗೆ ಹುಳಿಯೇ ವಿಷ, ಖಾರವೂ ಚಹಾವೂ ಅಷ್ಟೇ. ಒಂದೊಂದೇ ಬಿಟ್ಟು ನೋಡು ಎಂದರು. ನೀರು ಬಿಟ್ಟರೆ ಉಚ್ಚೆ ಗಟ್ಟಿಯಾಗಿ ಇನ್ನೂ ಉರಿಯುತ್ತದೆ, ಆದ್ದರಿಂದ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿ. ಹೊತ್ತು ನೋಡಿ ಹೋಗು. ಪೂರ್ತಿ ತುಂಬುವವರೆಗೆ ತಡೆಯಬೇಡ, ಬಂದಂತೆ ಅನಿಸಿದ ಕೂಡಲೇ ಓಡಲೂ ಬೇಡ. ನಿಧಾನವಾಗಿ ಆ ಹೊತ್ತನ್ನು ಹಿಗ್ಗಿಸು. ನೋವು ಹೆಚ್ಚಾದಾಗ ಕಿಬ್ಬೊಟ್ಟೆಗೆ ಬಿಸಿ ಕಾವು. ತಡೆದು ತಡೆದು ಕೆಳಗಿನ ಸ್ನಾಯುಗಳೆಲ್ಲ ಬಿಗಿದುಹೋಗಿವೆ, ಮಲಗಿ ಉಸಿರು ಬಿಡುತ್ತಾ ಅವನ್ನು ಸಡಿಲ ಬಿಡುವುದನ್ನು ಕಲಿ. ಗುಳಿಗೆಯನ್ನೂ ಬರೆದರು. ಅಕ್ಕ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಮೊದಲ ಗಂಡಾಂತರ ಪುಂಡಿಯದು.

“ಪುಂಡಿಪಲ್ಯ ಒಲ್ಲೆನ್ನೋ ಸೊಸಿನ್ನ ನಾ ಈ ಜನ್ಮದಾಗ ನೋಡಿಲ್ಲವ್ವ! ಯಾದಗಿರಿಯಾಗ ಯಾವಾಕಿ ನಿನ್ನ ತಲಿ ಕೆಡಿಸ್ಯಾಳ?” ಎಂದು ಅತ್ತೆ ಹರಿಹಾಯ್ದಳು. ನಾಲ್ಕು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ ಬಾಯಿ ಮುಚ್ಚಿಕೊಂಡು ನನಗೆಂದು ಬೇರೆ ಗಡಿಗೆಯಲ್ಲಿ ಸಪ್ಪನೆಯ ಹೆಸರುಬೇಳೆ ಬೇಯಿಸಿದಳು. ಸಪ್ಪಗಿತ್ತು, ಬಾಯಿಗೆ ಹಿಡಿಸುತ್ತಿರಲಿಲ್ಲ, ಪುಂಡಿಯ ವಾಸನೆ ಬಂದರೆ ನನಗೂ ಬಾಯಲ್ಲಿ ನೀರು. ಆದರೆ ಡಾಕ್ಟರಮ್ಮ ಹೇಳಿದ್ದು ನಿಜವಾಯಿತು. ಮನೆಯಲ್ಲಿದ್ದ ಆ ಕೆಲವು ವಾರಗಳಲ್ಲಿ ನೋವು ಮುಕ್ಕಾಲು ಇಳಿಯಿತು. ಮಗಳು ಪಾಠ ಓದುವಾಗ ಪಕ್ಕದಲ್ಲಿ ಕೂತು, ಎದ್ದು ಹೋಗದೆ ಪೂರ್ತಿ ಕೇಳಿಸಿಕೊಂಡೆ. ಅಷ್ಟಕ್ಕೇ ಹಿಗ್ಗಿಹೋದೆ. ಬದುಕಿಕೊಂಡೆ ಅಂದುಕೊಂಡೆ.

ಆ ಹಿಗ್ಗಿನಲ್ಲೇ ಗುಂಪಿಗೆ ಮರಳಿದೆ. ಅಷ್ಟು ವಾರ ನನ್ನ ಪಾಲಿನ ಕೆಸರನ್ನೂ ಅಕ್ಕನೇ ತುಂಬಿ ನಮ್ಮ ಮನೆಯ ಜಾಗ ಉಳಿಸಿದ್ದಳು. ಜೊತೆಗೆ ನೀರು ಒಯ್ದೆ. ಹೊತ್ತು ನೋಡಿ ಏಳಬೇಕು, ಇಬ್ಬರು ಸೀರೆ ಹಿಡಿಯಲು ಬರಬೇಕು ಎಂದು ಅಕ್ಕನಿಗೆ ಹೇಳಿದೆ. “ಆಯ್ತು ತಂಗಿ” ಎಂದಳು. ಮೊದಲು ಎಲ್ಲರೂ ಚೆನ್ನಾಗಿಯೇ ಇದ್ದರು. “ಏಳ್ರೆವ್ವಾ, ರಾಣಿಯವರ ಸವಾರಿ ಹೊಂಟದ” ಎಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನಾನು ಎದ್ದರೆ ಮೂವರು ಎದ್ದಂತೆ. ಸಾಲಿನಲ್ಲಿ ಮೂರು ಕಡೆ ಖಾಲಿ.

ಆ ವರ್ಷ ಕೆನಾಲಿನ ಪಾಳಿ ಬೇರೆ ಏರುಪೇರಾಯಿತು. ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ಬಂದ್ ಮಾಡುತ್ತಾರೆ. ನೀರು ಇದ್ದಾಗಲೇ ನಾಟಿ ಮುಗಿಯಬೇಕು, ಇಲ್ಲವಾದರೆ ಸಸಿ ಬಲಿತು ಹೋಗುತ್ತದೆ. ಕ್ಯಾಂಪಿನ ಮಾಲೀಕರು ವಡ್ಡಿನ ಮೇಲೆ ನಿಂತು ತೆಲುಗಿನಲ್ಲಿ ಕೂಗಾಡುತ್ತಿದ್ದರು. ನಗು ನಿಂತಿತು. ನಾನು ಎದ್ದಾಗ ಸೀರೆ ಹಿಡಿಯಲು ಬರುವವರು ಮುಖ ತಿರುಗಿಸಿಕೊಂಡು ಬಂದರು. ಆಮೇಲೆ ಬರಲೇ ಇಲ್ಲ. ನಾನು ಒಬ್ಬಳೇ ಹೋಗಿ, ಮೋಟರ್ ಸೈಕಲ್ಲಿನವರು ನೋಡುತ್ತಿರುವಾಗಲೇ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತೆ. ಆ ಅವಮಾನವನ್ನೂ ನುಂಗಿದೆ. ಜಾಗ ಉಳಿದರೆ ಸಾಕಿತ್ತು.

ಒಂದು ಬೆಳಿಗ್ಗೆ, ದಿನವೂ ಗುಂಪನ್ನು ಗದ್ದೆಗೆ ಒಯ್ಯುವ ಟಂಟಂ ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ಬುತ್ತಿ ಹಿಡಿದು ನಿಂತಿದ್ದೆ. ಒಳಗಿದ್ದವರೆಲ್ಲ ಆ ಕಡೆ ಮುಖ ಮಾಡಿಕೊಂಡಿದ್ದರು.

ಸಂಜೆ ಅಕ್ಕ ಬಂದಳು. ಕೈಕಾಲಿನ ಕೆಸರು ಇನ್ನೂ ಹಸಿಯಾಗಿತ್ತು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತಳು.

“ನಾ ನಿಧಾನ ಆದೆ ಅಂತ ಬಿಟ್ರೇನು?” ಎಂದೆ. “ಬಾಯಿಬಿಟ್ಟು ಹೇಳ್ರಿ. ಕಡಿಮಿ ಪಾಲು ಕೊಡ್ರಿ, ತಗೋತೀನಿ.”

“ಪಾಲಿನ ಮಾತಲ್ಲ.”

“ಮತ್ಯಾವ ಮಾತು? ನಿನ್ನ ಕಣ್ಣ ಮುಂದ ಡಾಕ್ಟರಮ್ಮ ಹೇಳ್ಯಾಳ. ನೀ ಕೇಳಿಲ್ಲೇನು?”

“ಕೇಳೀನಿ. ಎಲ್ಲಾ ಕೇಳೀನಿ.” ಅವಳು ಅಂಗೈಯಿಂದ ತನ್ನ ಕಿಬ್ಬೊಟ್ಟೆ ಒತ್ತಿ ಹಿಡಿದಳು. ನಾನು ದಿನವೂ ಒತ್ತಿ ಹಿಡಿಯುತ್ತಿದ್ದ ಜಾಗವೇ. “ಬರೇ ನಿನಗದ ಅಂತ ತಿಳದೀಯೇನು? ನನಗದ. ಸಾಲಿನಾಗ ಅರ್ಧ ಮಂದಿಗದ. ಯಾರೂ ಹೇಳಂಗಿಲ್ಲ, ಅಷ್ಟ. ನೀ ಎದ್ದು ಹೋಗೋದು ನೋಡಿದ್ರ ನಮ್ಮೆಲ್ಲಾರಿಗೂ ಬಂದಂಗ ಆಗ್ತದ. ನೀ ನೀರು ಕುಡ್ಯೋದು ನೋಡಿದ್ರ ನಮ್ಮ ಗಂಟಲಾ ಒಣಗ್ತದ. ಹಿಡಕೊಂಡು ನಿಂತೀವಿ ತಂಗಿ, ಹಿಡಕೊಂಡು. ನೀ ಇದ್ರ ಹಿಡಕೊಳ್ಳಾಕ ಆಗಂಗಿಲ್ಲ.”

ಸಿಟ್ಟು ಮಾಡಿಕೊಳ್ಳಲು ಒಬ್ಬರಾದರೂ ಬೇಕಲ್ಲ, ಅವರೂ ಇಲ್ಲದಂತಾಯಿತು. ಹಾಗಾದರೆ ಎಲ್ಲರೂ ಏಳೋಣ, ಎಲ್ಲರೂ ಕುಡಿಯೋಣ ಎನ್ನಬೇಕಿತ್ತೇನೋ. ಅಂದರೆ ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಪಕ್ಕದ ಊರಿನ ಗುಂಪು ಏಳುವುದಿಲ್ಲ, ಗುತ್ತಿಗೆ ಅವರ ಪಾಲಾಗುತ್ತದೆ. ಅದೂ ಸುಳ್ಳಲ್ಲ.

ಅವಳು ಎದ್ದಳು. “ಜಾಗ ನಿಮ್ಮ ಮನಿದೇ ಅದ. ಯಾರಿಗೂ ಕೊಟ್ಟಿಲ್ಲ. ಹುಡುಗಿನ್ನ ಕಳಿಸು” ಎಂದು ಹೇಳಿ ಹೋದಳು.

ಕಳಿಸುವುದಿಲ್ಲ ಎಂದು ನಾನು ಕೂಗಾಡಿದೆ. ಯಾರ ಮೇಲೆ ಕೂಗಾಡಿದೆನೋ! ಅತ್ತೆ ಮೂಲೆ ಸೇರಿದಳು. ಪುಣೆಗೆ ಫೋನ್ ಮಾಡಿದರೆ ಗಂಡ, ಈ ಹಂಗಾಮು ಒಂದು ಹೋಗಲಿ, ಆಮೇಲೆ ಸಾಲೆಗೆ ಕಳಿಸೋಣ ಎಂದ. ಈ ಹಂಗಾಮು ಎಂದರೆ ಏನೆಂದು ನನಗೆ ಗೊತ್ತು, ಒಂದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಮಗಳು ಸಾಲೆಯ ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ನನ್ನ ಹಳೆಯ ಸೀರೆಯೊಂದನ್ನು ತೆಗೆದು ಉದ್ದ ನೋಡಿಕೊಂಡಳು. ಬೆಳಿಗ್ಗೆ ಟಂಟಂ ನಿಂತಿತು, ಅವಳು ಹತ್ತಿದಳು.

ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಓಡಿದಳು. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂದು ನನ್ನ ಪಕ್ಕ ಕೂತು, ಮುಖ ಆ ಕಡೆ ಮಾಡಿಕೊಂಡು ಕೇಳಿದಳು.

“ಯವ್ವಾ, ನೀ ಹ್ಯಾಂಗ ತಡಕೊಂತಿದ್ದಿ?”

“ತಡಕೋಬ್ಯಾಡ. ಎದ್ದು ಹೋಗು” ಎಂದೆ.

“ಯಾರೂ ಏಳಂಗಿಲ್ಲಲ್ಲ. ನಾ ಒಬ್ಬಾಕಿ ಹ್ಯಾಂಗ ಏಳ್ಲಿ? ನಾಳೆ ನನ್ನೂ ಬಿಟ್ಟು ಹೋದ್ರ?”

ಇದಕ್ಕೆ ಡಾಕ್ಟರಮ್ಮನೂ ಗುಳಿಗೆ ಬರೆದಿರಲಿಲ್ಲ. ಅವಳ ಕಾಲಿನ ಬೆರಳುಸಂದಿಯ ಕೆಸರು ಒರೆಸುತ್ತಾ, ತಡೆಯುವುದು ಹೇಗೆಂದು ಒಂದೊಂದಾಗಿ ಹೇಳಿಕೊಟ್ಟೆ. ಎದ್ದ ಕೂಡಲೇ ಚಹಾ ಕುಡಿಯಬೇಡ. ಬಾಯಿ ಒಣಗಿದರೆ ನೀರು ಬಾಯಲ್ಲಿ ಆಡಿಸಿ ಉಗುಳು, ನುಂಗಬೇಡ. ಬುತ್ತಿಯಲ್ಲಿ ಒಣ ರೊಟ್ಟಿಯೇ ಇರಲಿ, ಮಜ್ಜಿಗೆ ಒಯ್ಯಬೇಡ. ಬಂದಂತೆ ಆದಾಗ ತೊಡೆ ಬಿಗಿಹಿಡಿದು, ಸಸಿಯ ಮೇಲೆಯೇ ಕಣ್ಣಿಡು, ಬೇರೆ ಏನನ್ನೂ ಯೋಚಿಸಬೇಡ, ಸ್ವಲ್ಪ ಹೊತ್ತಿಗೆ ತಾನೇ ಹಿಂದೆ ಸರಿಯುತ್ತದೆ. ಅವಳು ಗಮನವಿಟ್ಟು ಕೇಳಿದಳು. ಮೊದಲಿನಿಂದಲೂ ಜಾಣೆ ಅವಳು, ಯಾವುದನ್ನೂ ಎರಡನೆಯ ಸಲ ಹೇಳಬೇಕಾಗಿರಲಿಲ್ಲ.